ಧ್ಯಾನವೆಂದರೆ ಮನಸ್ಸನ್ನು ನಿಲ್ಲಿಸುವುದೇ?

ಮಠದಲ್ಲಿ ನಡೆಯುವ ಶಿವಾನುಭವ ಗೋಷ್ಠಿಗಳಲ್ಲಿ ಉಪನ್ಯಾಸ ಮುಗಿದ ಮೇಲೆ ಭಕ್ತಾದಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ವರ್ಷಗಳುರುಳಿದರೂ ಹಳೆಯದಾಗುವುದಿಲ್ಲ. "ಲಿಂಗಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದೇ ಇಲ್ಲ, ಏನು ಮಾಡಬೇಕು?" ಎಂಬುದೇ ಆ ಪ್ರಶ್ನೆ. ಕೇಳುವವರ ಮುಖದಲ್ಲಿ ಒಂದು ಬಗೆಯ ಸಂಕೋಚವಿರುತ್ತದೆ. ಸುತ್ತ ಕುಳಿತವರೆಲ್ಲರ ಮನಸ್ಸು ನಿಂತುಬಿಟ್ಟಿದೆ, ತಮ್ಮದೊಂದೇ ಓಡುತ್ತಿದೆ ಎಂಬ ಭಾವನೆ ಅವರದು. ರೈತನಾದರೆ ಅಡಿಕೆಯ ಧಾರಣೆ, ಕೊಳವೆಬಾವಿಯಲ್ಲಿ ಇಳಿಯುತ್ತಿರುವ ನೀರು. ಗೃಹಿಣಿಯಾದರೆ ಒಲೆಯ ಮೇಲಿಟ್ಟು ಬಂದ ಹಾಲು, ಮಗಳ ಮದುವೆ. ಬೆಂಗಳೂರಿನಿಂದ ರಜೆಗೆ ಬಂದ ಯುವಕನಾದರೆ ಸೋಮವಾರದ ಮೀಟಿಂಗು. ಒಬ್ಬೊಬ್ಬರ ಓಟ ಒಂದೊಂದು ದಿಕ್ಕಿಗೆ. ಆದರೆ ದೂರು ಮಾತ್ರ ಒಂದೇ.

ಈ ಪ್ರಶ್ನೆಯ ಒಡಲಲ್ಲಿಯೇ ಒಂದು ನಂಬಿಕೆ ಅಡಗಿದೆ. ಧ್ಯಾನವೆಂದರೆ ಮನಸ್ಸನ್ನು ಕಟ್ಟಿ ನಿಲ್ಲಿಸುವುದು, ಒಂದೂ ಆಲೋಚನೆ ಸುಳಿಯದಂತೆ ಬಾಗಿಲು ಹಾಕಿಕೊಳ್ಳುವುದು ಎಂಬ ನಂಬಿಕೆ. ಇದು ನಮ್ಮಲ್ಲಿ ಬೇರೂರಲು ಕ್ಯಾಲೆಂಡರುಗಳ ಮೇಲೆ ಅಚ್ಚಾಗುವ, ಕಣ್ಣು ಮುಚ್ಚಿ ಕಲ್ಲಿನಂತೆ ಕುಳಿತ ಯೋಗಿಗಳ ಚಿತ್ರಗಳು ಎಷ್ಟರಮಟ್ಟಿಗೆ ಕಾರಣವೋ ತಿಳಿಯದು. ಶಬ್ದದ ಮೂಲವನ್ನು ನೋಡಿದರಂತೂ ಅಂತಹ ಅರ್ಥ ಅಲ್ಲಿ ಇಲ್ಲ. ಸಂಸ್ಕೃತದ 'ಧ್ಯೈ' ಎಂಬ ಧಾತುವಿನಿಂದ ಬಂದ ಈ ಪದಕ್ಕೆ ಚಿಂತಿಸು, ಮನಸ್ಸಿನಲ್ಲಿ ಇರಿಸಿಕೋ ಎಂಬುದೇ ಅರ್ಥ. ಪಾಲಿ ಭಾಷೆಯಲ್ಲಿ 'ಝಾನ' ಎನಿಸಿ, ಬೌದ್ಧ ಭಿಕ್ಷುಗಳೊಡನೆ ಚೀನಾಕ್ಕೆ ಹೋಗಿ 'ಚಾನ್' ಆಗಿ, ಅಲ್ಲಿಂದ ಜಪಾನಿಗೆ ದಾಟಿ 'ಝೆನ್' ಎನಿಸಿಕೊಂಡದ್ದು ಇದೇ ಪದ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಮನೆಮಾತಿನಲ್ಲಿಯೇ "ಅವನಿಗೆ ಮೂರು ಹೊತ್ತೂ ದುಡ್ಡಿನದೇ ಧ್ಯಾನ" ಎನ್ನುತ್ತೇವೆ, ಕರೆದದ್ದು ಕೇಳಿಸದೆ ಕುಳಿತ ಹುಡುಗನನ್ನು "ಯಾವ ಧ್ಯಾನದಲ್ಲಿದ್ದೀಯೋ?" ಎಂದು ಗದರಿಸುತ್ತೇವೆ. ಅಂದರೆ ಧ್ಯಾನ ಮಾಡದ ಮನುಷ್ಯನೇ ಇಲ್ಲ ಎಂಬುದು ಕನ್ನಡ ನುಡಿಗೆ ತಿಳಿದಿದೆ. ಮನಸ್ಸು ಏನನ್ನಾದರೂ ಹಿಡಿದುಕೊಂಡೇ ಇರುತ್ತದೆ. ಅದು ಯಾವುದನ್ನು ಹಿಡಿದಿದೆ, ಹಿಡಿದದ್ದು ನಮಗೆ ತಿಳಿದಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಪತಂಜಲಿ ಮಹರ್ಷಿಗಳ ಯೋಗಸೂತ್ರಗಳಲ್ಲಿ ಧ್ಯಾನವು ಎಂಟು ಅಂಗಗಳ ಪೈಕಿ ಏಳನೆಯದು. ಅದಕ್ಕೆ ಮೊದಲು ಬರುವುದು ಧಾರಣೆ, ಅಂದರೆ ಚಿತ್ತವನ್ನು ಒಂದೆಡೆ ನೆಲೆಗೊಳಿಸುವುದು. ಹಾಗೆ ನೆಲೆಗೊಂಡ ಅರಿವು ಕಡಿಯದೆ ಹರಿಯುವುದು ಧ್ಯಾನ. ಇದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಎಣ್ಣೆಯ ಧಾರೆಗೆ ಹೋಲಿಸುವ ಸಂಪ್ರದಾಯವಿದೆ. ಗಮನಿಸಬೇಕಾದ ಮಾತೆಂದರೆ ಇಲ್ಲಿ ಹರಿವು ಇದೆ. ನಿಂತ ನೀರಿನ ಹೋಲಿಕೆ ಇಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವುದೂ ಗಾಳಿಯನ್ನು ಹಿಡಿಯುವುದೂ ಒಂದೇ ಎಂದು ನಿಡುಸುಯ್ಯುತ್ತಾನೆ. ಅದಕ್ಕೂ ಮೊದಲೇ ಶ್ರೀಕೃಷ್ಣನು, ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೊರಟುಹೋಗುವುದೋ ಅಲ್ಲಲ್ಲಿಂದ ಅದನ್ನು ಕರೆತರಬೇಕೆಂದು ಹೇಳಿಯಾಗಿರುತ್ತದೆ. ಅದು ಹೊರಟುಹೋಗುವುದೆಂಬುದನ್ನು ಒಪ್ಪಿಕೊಂಡೇ ಆ ಮಾತು ಹೊರಟಿದೆ.

ಇನ್ನು ನಮ್ಮ ಶರಣರು. ಬಸವಣ್ಣನವರು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದ ವಚನ ಎಲ್ಲರಿಗೂ ಪರಿಚಿತವಾದದ್ದು. ಬುದ್ಧನ ಉಪದೇಶಗಳಲ್ಲಿಯೂ ಕಾಡಿನ ಕೋತಿಯ ಇದೇ ಹೋಲಿಕೆ ಬರುತ್ತದೆ. ಆದರೆ ಬಸವಣ್ಣನವರ ವಚನದ ವೈಶಿಷ್ಟ್ಯವಿರುವುದು ಹೋಲಿಕೆಯಲ್ಲಲ್ಲ, ಕೋತಿ ಯಾರದು ಎಂಬುದರಲ್ಲಿ. ಅವರು ಲೋಕದವರ ಮನಸ್ಸಿನ ಮೇಲೆ ದೂರು ಹೇಳುವುದಿಲ್ಲ. ತಮ್ಮದೇ ಮನಸ್ಸನ್ನು ಕೂಡಲಸಂಗಮದೇವನ ಮುಂದೆ ಇಟ್ಟು, ಇದನ್ನು ನಾನು ಹೇಗೆ ನಂಬಲಿ ಎಂದು ಕೇಳುತ್ತಾರೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತು, ಮಹಾಮನೆಯಲ್ಲಿ ಶರಣಸಂಕುಲವನ್ನು ನಡೆಸುತ್ತಿದ್ದ ಒಬ್ಬ ಮಹಾಪುರುಷನ ಮನಸ್ಸೂ ನೆಗೆಯುತ್ತಿತ್ತು. ನೆಗೆಯುತ್ತಿದೆ ಎಂಬುದು ಅವರಿಗೆ ಕಾಣುತ್ತಿತ್ತು. ನನ್ನ ತಿಳಿವಳಿಕೆಯಲ್ಲಿ ಧ್ಯಾನದ ತಿರುಳು ಆ ಕಾಣುವಿಕೆಯಲ್ಲಿದೆ. ಕೋತಿಯ ಮೇಲೆ ಕುಳಿತವನಿಗೆ ಕೋತಿ ಕಾಣುವುದಿಲ್ಲ. ಕೆಳಗೆ ನಿಂತವನಿಗೆ ಮಾತ್ರ ಕಾಣುತ್ತದೆ.

ಶೂನ್ಯಸಂಪಾದನೆಯನ್ನು ಓದಿದವರು ಇಲ್ಲಿ ಅನಿಮಿಷಯ್ಯನನ್ನು ನೆನೆಯಬಹುದು. ನೆಲದಲ್ಲಿ ಹುದುಗಿದ್ದ ಗುಡಿಯೊಳಗೆ ಎವೆಯಿಕ್ಕದೆ ಕರಸ್ಥಲದ ಲಿಂಗವನ್ನೇ ನೋಡುತ್ತ ಕುಳಿತಿದ್ದ ಆ ಯೋಗಿಯ ಕೈಯಿಂದ ಅಲ್ಲಮಪ್ರಭು ಲಿಂಗವನ್ನು ಪಡೆದ ಪ್ರಸಂಗ ನಮ್ಮ ಸಾಹಿತ್ಯದ ಅದ್ಭುತಗಳಲ್ಲೊಂದು. ಆದರೆ ಅನಿಮಿಷನದು ನೂರು ಹೆಜ್ಜೆಯ ದಾರಿಯ ಕೊನೆಯ ಹೆಜ್ಜೆ. ಅದನ್ನು ಮುಂದಿಟ್ಟುಕೊಂಡು ಮೊದಲ ಹೆಜ್ಜೆಯವರು ತಮ್ಮನ್ನು ಅಳೆದುಕೊಳ್ಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಈ ಪ್ರಸಂಗದಲ್ಲಿ ಇನ್ನೊಂದು ಸಂಗತಿಯಿದೆ. ಅನಿಮಿಷನ ಕಣ್ಣು ತೆರೆದೇ ಇತ್ತು. ಶರಣರ ಶಿವಯೋಗ ಕಣ್ಣು ಮುಚ್ಚಿ ಕತ್ತಲೆಗೆ ಇಳಿಯುವ ಸಾಧನೆಯಲ್ಲ. ಎಡ ಅಂಗೈಯ ಮೇಲೆ ಇಷ್ಟಲಿಂಗವನ್ನು ಇರಿಸಿ, ಕೈಯನ್ನು ಕಣ್ಣಿನ ಎದುರಿಗೆ ಎತ್ತಿ ಹಿಡಿದು, ಲಿಂಗದ ಕಪ್ಪು ಮೈಯ ಮೇಲೆ ದೀಪದ ಬೆಳಕು ಚುಕ್ಕೆಯಾಗಿ ಮೂಡುವಲ್ಲಿ ನೋಟವನ್ನು ನೆಡುವುದು ಅದರ ಕ್ರಮ. ಹಠಯೋಗದವರು ತ್ರಾಟಕ ಎನ್ನುವುದಕ್ಕೂ ಇದಕ್ಕೂ ಹೋಲಿಕೆಯುಂಟು. ಆದರೆ ತ್ರಾಟಕದಲ್ಲಿ ನೋಡುವ ವಸ್ತು ದೂರದಲ್ಲಿರುತ್ತದೆ; ಇಲ್ಲಿ ಅದನ್ನು ಹೊತ್ತಿರುವವನು ನೋಡುವವನೇ. ಈ ಒಂದು ವ್ಯತ್ಯಾಸದ ಬೆಲೆ ನನಗೆ ತಿಳಿದದ್ದು ಬಹಳ ನಿಧಾನವಾಗಿ. ಮನಸ್ಸು ಹೊರಗೆ ಹೋದ ಒಡನೆಯೇ ಕೈಗೆ ಅದು ಗೊತ್ತಾಗುತ್ತದೆ. ಅಂಗೈ ಒಂದು ಎಳೆಯಷ್ಟು ಕೆಳಕ್ಕೆ ಇಳಿಯುತ್ತದೆ, ಬೆಳಕಿನ ಚುಕ್ಕೆ ಜಾರುತ್ತದೆ, ಇಲ್ಲವೇ ಒಂದು ಚುಕ್ಕೆ ಎರಡಾಗಿ ಕಾಣುತ್ತದೆ. "ನಾನು ಇಲ್ಲಿಲ್ಲ" ಎಂಬುದನ್ನು ಮನಸ್ಸು ಒಪ್ಪಿಕೊಳ್ಳುವುದಕ್ಕೆ ಮೊದಲೇ ಕೈ ಒಪ್ಪಿಕೊಂಡಿರುತ್ತದೆ. ಕಣ್ಣು ಮುಚ್ಚಿ ಕುಳಿತವನು ಅರ್ಧ ಗಂಟೆ ಸುಖವಾಗಿ ಹಗಲುಗನಸು ಕಂಡು, ಧ್ಯಾನ ಚೆನ್ನಾಗಿ ಆಯಿತೆಂದು ಎದ್ದುಬರಬಹುದು. ಅಂಗೈಯ ಮೇಲೆ ಲಿಂಗವನ್ನು ಹಿಡಿದವನಿಗೆ ಆ ಸೌಕರ್ಯವಿಲ್ಲ. ಇಳಿದ ಕೈಯನ್ನು ಅವನು ಎತ್ತಲೇಬೇಕು. ಕೈ ಎತ್ತುವಾಗ ಮನಸ್ಸೂ ಜೊತೆಯಲ್ಲಿ ಏಳುತ್ತದೆ. ಹೀಗೆ ಇಳಿಯುವುದು, ತಿಳಿಯುವುದು, ಏಳುವುದು. ಒಂದು ಪೂಜೆಯಲ್ಲಿ ಇದು ನೂರು ಸಲ ನಡೆದರೆ ನೂರು ಸಲ ಧ್ಯಾನ ಕೆಟ್ಟಿತೆಂದು ಎಣಿಸಬೇಕಾಗಿಲ್ಲ. ಗರಡಿಯಲ್ಲಿ ಸಾಮು ಮಾಡುವವನ ತೋಳು ಬಲಿಯುವುದು ಗದೆಯನ್ನು ಎತ್ತಿ ಹಿಡಿದು ನಿಂತದ್ದರಿಂದಲ್ಲ, ಮತ್ತೆ ಮತ್ತೆ ಎತ್ತಿದ್ದರಿಂದ.

ಹೀಗೆ ಬಲಿತದ್ದು ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದರೆ ನಾನು ನಮ್ಮ ಅವ್ವನ ಕೊನೆಯ ವರ್ಷಗಳನ್ನು ಹೇಳಬೇಕಾಗುತ್ತದೆ. 2012ರಲ್ಲಿ ಅವರಿಗೆ ಮರೆವು ಆರಂಭವಾಯಿತು. ವೈದ್ಯರು ಅಲ್ಝೈಮರ್ ಕಾಯಿಲೆಯೆಂದರು. ಗುಣಪಡಿಸುವ ಔಷಧವಿಲ್ಲ, ನೋಡಿಕೊಳ್ಳುವುದೇ ಔಷಧ ಎಂದೂ ಹೇಳಿದರು. 2016ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ನಮ್ಮ ಮನೆಯಲ್ಲಿಯೇ ಇದ್ದರು. ಸಂಜೆಯಾಯಿತೆಂದರೆ ಬಾಗಿಲ ಬಳಿ ಕುಳಿತು "ನಿಮ್ಮಪ್ಪ ಇನ್ನೂ ಹೊಲದಿಂದ ಬಂದಿಲ್ಲೇನೋ ಮಗಾ?" ಎಂದು ಕೇಳುವರು. ನಮ್ಮ ತಂದೆಯವರು ತೀರಿಕೊಂಡು ಆಗಲೇ ಹದಿನೆಂಟು ವರ್ಷಗಳಾಗಿದ್ದವು. ಉತ್ತರ ಹೇಳಿ ಒಳಗೆ ಬರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಒಂದು ಸಂಜೆ ನಮ್ಮ ಮನೆಯವರು ಎಣಿಸಿದಾಗ ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿಗೆ ನಲವತ್ತೊಂದು ಸಲವಾಗಿತ್ತು. ಕೇಳುವವರಿಗೆ ಪ್ರತಿ ಸಲವೂ ಅದು ಮೊದಲ ಪ್ರಶ್ನೆ, ಅದರ ಹಿಂದಿನ ಕಳವಳವೂ ಹೊಚ್ಚಹೊಸದು. ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ನಲವತ್ತೊಂದನೆಯದು.

ಇಂತಹ ಮನೆಗಳಲ್ಲಿ ಇರುವವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಪ್ರೀತಿಯ ಕೊರತೆಯಿಂದ ಅಲ್ಲಿ ಸಿಟ್ಟು ಬರುವುದಿಲ್ಲ, ಬಳಲಿಕೆಯಿಂದ ಬರುತ್ತದೆ. ಅದು ಬರುವ ದಾರಿಯನ್ನು ನಾನು ಆ ನಾಲ್ಕು ವರ್ಷಗಳಲ್ಲಿ ಚೆನ್ನಾಗಿ ನೋಡಿದೆ. ಮೊದಲು ದವಡೆ ಬಿಗಿಯುತ್ತದೆ, ಅನಂತರ ಉಸಿರು ಮೇಲಕ್ಕೆ ಬರುತ್ತದೆ, ಆಮೇಲೆ ನಾಲಿಗೆಯ ತುದಿಗೆ ಮಾತು ಬಂದು ನಿಲ್ಲುತ್ತದೆ. ಬೆಳಗಿನ ಪೂಜೆಯಲ್ಲಿ ಇಳಿಯುತ್ತಿರುವ ಅಂಗೈ ಹೇಗೆ ತಿಳಿಯುತ್ತಿತ್ತೋ ಹಾಗೆಯೇ ಸಂಜೆ ಬಿಗಿಯುತ್ತಿರುವ ದವಡೆಯೂ ತಿಳಿಯುತ್ತಿತ್ತು. ತಿಳಿದೊಡನೆ ಅವ್ವನ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಜಾಗವಾಗುತ್ತಿತ್ತು. ಅಷ್ಟೇ. ಸಿಟ್ಟು ಬರುವುದು ನಿಲ್ಲಲಿಲ್ಲ, ಶಾಂತಿಯ ಸಾಗರವೇನೂ ಉಕ್ಕಲಿಲ್ಲ. ಒಂದು ಉಸಿರಿನಷ್ಟು ಜಾಗ. ಆ ಜಾಗದಲ್ಲಿ "ಬರ್ತಾರೆ ಬಿಡವ್ವ, ನೀನು ಊಟ ಮಾಡು" ಎಂಬ ಮಾತು ಹೊರಡಲು ಸಾಧ್ಯವಾಗುತ್ತಿತ್ತು. ಅದು ಸತ್ಯವೇ ಎಂದು ಯಾರಾದರೂ ಕೇಳಿದರೆ ವಾದಕ್ಕೆ ನಾನು ಸಿದ್ಧನಿಲ್ಲ. ಪ್ರತಿ ಸಂಜೆಯೂ ಆಕೆಗೆ ವೈಧವ್ಯದ ಸುದ್ದಿಯನ್ನು ಹೊಸದಾಗಿ ಮುಟ್ಟಿಸುವುದು ಯಾವ ಸತ್ಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಅವ್ವ ಕೊನೆಯ ವರ್ಷ ನಮ್ಮ ಹೆಸರುಗಳನ್ನೂ ಮರೆತರು. ಆದರೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯ ಮೇಲಿಟ್ಟರೆ ಕೈ ತಾನಾಗಿಯೇ ಕಣ್ಣಿನ ಎದುರಿಗೆ ಏಳುತ್ತಿತ್ತು. ಬಂಧುಗಳಲ್ಲಿ ಕೆಲವರು ಇದನ್ನು ಪವಾಡವೆಂದು ಕರೆದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನನಗೆ ಹಾಗೆನ್ನಲು ಮನಸ್ಸು ಬಾರದು. ಹೆಸರು, ಮುಖ, ಘಟನೆಗಳ ನೆನಪು ಅಳಿದ ಮೇಲೆಯೂ ಕೈಗೆ ರೂಢಿಯಾದ ಕೆಲಸಗಳ ನೆನಪು ಹೆಚ್ಚು ಕಾಲ ಉಳಿಯುವುದು ಈ ಕಾಯಿಲೆಯಲ್ಲಿ ವೈದ್ಯರು ಕಂಡಿರುವ ಸಂಗತಿಯೇ. ಎಪ್ಪತ್ತು ವರ್ಷ ನಿತ್ಯ ಎತ್ತಿದ ಕೈ ಎಪ್ಪತ್ತೊಂದನೆಯ ವರ್ಷವೂ ಎದ್ದಿತು. ಪವಾಡವೆನ್ನದಿದ್ದರೆ ಅದರ ಹಿರಿಮೆ ಕಡಿಮೆಯಾಗುತ್ತದೆಯೆಂದು ನನಗೆ ತೋರುವುದಿಲ್ಲ.

ಪಾಠ ಹೇಳುವವನ ಚಟವೆಂದೇ ಇಟ್ಟುಕೊಳ್ಳಿ, ಧ್ಯಾನದ ವಿಷಯದಲ್ಲಿ ನಡೆದ ಸಂಶೋಧನೆಗಳನ್ನೂ ನಾನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು 2,250 ಮಂದಿ ವಯಸ್ಕರನ್ನು ಮೊಬೈಲಿನ ಮೂಲಕ ಹೊತ್ತಲ್ಲದ ಹೊತ್ತಿನಲ್ಲಿ "ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ?" ಎಂದು ಕೇಳಿಸಿದರು. ಶೇಕಡಾ 46.9ರಷ್ಟು ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಅಲೆಯುತ್ತಿದ್ದಾಗ ಅವರು ಅಷ್ಟೇನೂ ಸಂತೋಷವಾಗಿಯೂ ಇರಲಿಲ್ಲ. ಎಂದಮೇಲೆ ಗೋಷ್ಠಿಯಲ್ಲಿ ಸಂಕೋಚದಿಂದ ಪ್ರಶ್ನೆ ಕೇಳುವ ನಮ್ಮ ರೈತಬಂಧುವಿನ ಮನಸ್ಸು ಲೋಕದ ಮನಸ್ಸಿಗಿಂತ ಹೆಚ್ಚೇನೂ ಓಡುತ್ತಿಲ್ಲ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ನಡೆಸಿದ ಇನ್ನೊಂದು ಪ್ರಯೋಗ ಸ್ವಲ್ಪ ನಗು ತರಿಸುವಂಥದು. ಜನರನ್ನು ಹದಿನೈದು ನಿಮಿಷ ಬರಿಯ ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ಬೇಕೆನಿಸಿದರೆ ಒತ್ತಬಹುದೆಂದು ವಿದ್ಯುತ್ತಿನ ಸಣ್ಣ ಆಘಾತ ಕೊಡುವ ಗುಂಡಿಯೊಂದನ್ನು ಇಟ್ಟರು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ಮನೆ ಕೂರಲಾರದೆ ಗುಂಡಿಯನ್ನು ಒತ್ತಿಕೊಂಡರು! ತನ್ನ ಜೊತೆಗೆ ತಾನೇ ಕುಳಿತುಕೊಳ್ಳುವುದು ಎಷ್ಟು ಕಠಿಣವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಇಂದು ಆ ಗುಂಡಿ ನಮ್ಮೆಲ್ಲರ ಜೇಬಿನಲ್ಲಿಯೇ ಇದೆ.

ಧ್ಯಾನದ ಪ್ರಯೋಜನವನ್ನು ಹೇಳುವಾಗ ಕೆಲವರು ಉತ್ಸಾಹದಿಂದ ಮಿದುಳೇ ಬೆಳೆಯುತ್ತದೆ ಎಂದುಬಿಡುತ್ತಾರೆ. ಎಂಟು ವಾರಗಳ ಧ್ಯಾನಾಭ್ಯಾಸದಿಂದ ಮಿದುಳಿನ ಕೆಲವು ಭಾಗಗಳ ಸಾಂದ್ರತೆ ಹೆಚ್ಚಿತೆಂದು 2011ರಲ್ಲಿ ಒಂದು ಅಧ್ಯಯನ ವರದಿ ಮಾಡಿದ್ದು ನಿಜ. ಆದರೆ 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹೆಚ್ಚು ಜನರನ್ನು ಸೇರಿಸಿಕೊಂಡು, ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಅಂತಹ ಬದಲಾವಣೆ ಕಾಣಲಿಲ್ಲ. ಇದಕ್ಕಿಂತ ನೆಚ್ಚಬಹುದಾದದ್ದು 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಮಾಡಿದ ಪರಿಶೀಲನೆ. 3,515 ಮಂದಿ ಪಾಲ್ಗೊಂಡಿದ್ದ 47 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಅವರು ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಧ್ಯಾನದಿಂದ ಮಿತವಾದ ಪ್ರಯೋಜನವಿದೆಯೆಂದೂ, ಔಷಧ ಅಥವಾ ವ್ಯಾಯಾಮಕ್ಕಿಂತ ಅದು ಮೇಲೆನ್ನಲು ಆಧಾರವಿಲ್ಲವೆಂದೂ ಹೇಳಿದರು. ನನಗೆ ಈ ಮಿತವಾದ ಮಾತು ಹಿಡಿಸಿತು. ನಾಲ್ಕು ವರ್ಷ ಸಂಜೆಗಳಲ್ಲಿ ನಾನು ಕಂಡದ್ದೂ ಮಿತವಾದ ಪ್ರಯೋಜನವನ್ನೇ. 2024ರಲ್ಲಿ ವಿಶ್ವಸಂಸ್ಥೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿದ ಮೇಲೆ ಎಲ್ಲೆಡೆಯೂ ದೊಡ್ಡ ದೊಡ್ಡ ಮಾತುಗಳು ಕೇಳಿಬರುತ್ತಿವೆ. ದೊಡ್ಡ ಮಾತನ್ನು ನಂಬಿ ಕುಳಿತವನು ತಿಂಗಳೊಳಗೆ ಎದ್ದುಹೋಗುತ್ತಾನೆ ಎಂಬುದೇ ನನ್ನ ಅಂಜಿಕೆ.

ಇದೇ ಕಾರಣಕ್ಕಾಗಿ ಇನ್ನೊಂದು ಮಾತನ್ನು ಇಲ್ಲಿ ಹೇಳಬೇಕು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನ್ನಿಸುವವರಿಗೆ "ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಬಾರದು. ಅಂತಹ ಸ್ಥಿತಿಯಲ್ಲಿ ಒಂಟಿಯಾಗಿ ಕುಳಿತರೆ ಕೆಲವರಿಗೆ ಕತ್ತಲೆ ಇನ್ನಷ್ಟು ದಟ್ಟವಾಗುವುದೂ ಉಂಟು. ಅವರಿಗೆ ಬೇಕಾದದ್ದು ವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೇ ಕರೆ ಮಾಡಬಹುದು. ಜ್ವರಕ್ಕೆ ಮಾತ್ರೆ ನುಂಗುವವನ ಭಕ್ತಿಯನ್ನು ನಾವು ಅನುಮಾನಿಸುವುದಿಲ್ಲವಲ್ಲ!

ಶರಣರು ಧ್ಯಾನವನ್ನು ಪೂಜಾಕೋಣೆಯಲ್ಲಿ ಮುಗಿಸಲಿಲ್ಲ ಎಂಬುದು ಅವರ ದೊಡ್ಡ ಕೊಡುಗೆ. ನುಲಿಯ ಚಂದಯ್ಯನ ಕಥೆ ಇದಕ್ಕೆ ನಿದರ್ಶನ. ಹಗ್ಗ ಹೊಸೆಯುವ ಕಾಯಕಕ್ಕೆಂದು ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗ ಜಾರಿ ಬಿದ್ದರೂ ಆತ ಕುಡುಗೋಲನ್ನು ಕೆಳಗಿಡದೆ ಕೆಲಸವನ್ನು ಮುಂದುವರಿಸಿದನೆಂದೂ, ಲಿಂಗವೇ ಆತನನ್ನು ಹಿಂಬಾಲಿಸಿ ಬಂದಿತೆಂದೂ ಶೂನ್ಯಸಂಪಾದನೆಯ ಸಂಪ್ರದಾಯ ಹೇಳುತ್ತದೆ. ಇದನ್ನು ಕೇಳಿ ಲಿಂಗಕ್ಕೆ ಅಗೌರವವಾಯಿತೆಂದು ಬೇಸರಪಟ್ಟ ಹಿರಿಯರನ್ನು ನಾನು ಕಂಡಿದ್ದೇನೆ. ಕೈಯಲ್ಲಿರುವ ಕೆಲಸದ ಮೇಲೆ ಕಡಿಯದೆ ನಿಂತ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಲಿಂಗವೇ ಬರುತ್ತದೆ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಷಟ್‌ಸ್ಥಲದಲ್ಲಿ ನಾಲ್ಕನೆಯದಾದ ಪ್ರಾಣಲಿಂಗಿಸ್ಥಲದ ವಿಚಾರವನ್ನು ಬಲ್ಲವರು, ಅಂಗೈಯ ಲಿಂಗ ಉಸಿರಿನೊಳಗಿನ ಲಿಂಗವಾಗುವ ಬಗೆಯನ್ನು ಇನ್ನೂ ಆಳವಾಗಿ ವಿವರಿಸಬಲ್ಲರು. ಅದು ನನ್ನ ಅಳವಿಗೆ ಮೀರಿದ್ದು.

ಕೊನೆಯಲ್ಲಿ, ಗೋಷ್ಠಿಯಲ್ಲಿ ಮೊದಲ ಪ್ರಶ್ನೆಯ ಬೆನ್ನಿಗೇ ಬರುವ ಕೆಲವು ಸಣ್ಣ ಪ್ರಶ್ನೆಗಳಿಗೆ ಉತ್ತರ. ಎಷ್ಟು ಹೊತ್ತು ಕೂರಬೇಕು? ಆರಂಭದವರಿಗೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನವೂ ಹತ್ತು ನಿಮಿಷ ಮೇಲು. ಯಾವ ಹೊತ್ತು? ಮನೆಯವರು ಏಳುವುದಕ್ಕೆ ಮುಂಚಿನ ಹೊತ್ತು, ಮೊಬೈಲನ್ನು ಇನ್ನೂ ಮುಟ್ಟದ ಹೊತ್ತು. ಕಣ್ಣು ಉರಿದರೆ ಹಠ ಮಾಡದೆ ಎವೆ ಮುಚ್ಚಿ ತೆರೆಯಬಹುದು. ದೀಪವನ್ನು ಬೆಳಕು ನೇರವಾಗಿ ಕಣ್ಣಿಗೆ ಬೀಳದೆ ಲಿಂಗದ ಮೇಲೆ ಬೀಳುವಂತೆ ತುಸು ಹಿಂದಕ್ಕೆ ಇರಿಸಿಕೊಳ್ಳಬೇಕು. ವಯಸ್ಸಾದವರು, ತೋಳು ನೋಯುವವರು ಮಡಿಲಲ್ಲಿ ದಿಂಬೊಂದನ್ನು ಇಟ್ಟುಕೊಂಡು ಎಡ ಮೊಣಕೈಯನ್ನು ಅದರ ಮೇಲೆ ಊರಿದರೆ ಅಂಗೈ ನಡುಗುವುದಿಲ್ಲ. ನಮ್ಮ ಅವ್ವನಿಗೆ ನಾವು ಹಾಗೆಯೇ ಮಾಡುತ್ತಿದ್ದೆವು.